ಒಡಲು ಒಂದು, ಮೇಲ್ಕಟ್ಟು ಮೂರು

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗಿರುವ ಹಡಗಿಗೆ ವಯಸ್ಸಾಗುವುದಿಲ್ಲ. ನೀರಿಗಿಳಿದ ದಿನ ಹೇಗಿತ್ತೋ, ಇಲ್ಲವೇ ಹೆಸರು ಮಾಡಿದ ಕದನದ ದಿನ ಹೇಗಿತ್ತೋ, ಅದು ಹಾಗೆಯೇ ನಿಂತಿರುತ್ತದೆ. ನಿಜವಾದ ಹಡಗಿನ ಬಾಳು ಹಾಗಲ್ಲ. ಮೂವತ್ತು ನಲವತ್ತು ವರ್ಷ ದುಡಿಯುವ ಸಮರನೌಕೆಯೊಂದು ಹಲವು ಬಾರಿ ಕಟ್ಟೆಗೆ ಬಂದು, ಫಿರಂಗಿ ಕಳಚಿಸಿಕೊಂಡು, ಹೊಗೆಕೊಳವೆ ಬದಲಾಯಿಸಿಕೊಂಡು, ಕೆಲವೊಮ್ಮೆ ಗುರುತೇ ಸಿಗದಷ್ಟು ಮಾರ್ಪಟ್ಟು ಮತ್ತೆ ಸಮುದ್ರಕ್ಕೆ ಹೋಗುತ್ತದೆ. ಹಾಗಾದರೆ ಅದರ ಪುಟ್ಟ ಮಾದರಿಯನ್ನು ಮಾಡಲು ಕುಳಿತವನು ಯಾವ ವರ್ಷದ ಹಡಗನ್ನು ಮಾಡಬೇಕು?

ಹಡಗಿನ ಮಾದರಿ ತಯಾರಿಸುವವರು ಈ ಪ್ರಶ್ನೆಗೆ ಜಾಣತನದ ಉತ್ತರವೊಂದನ್ನು ಕಂಡುಕೊಂಡಿದ್ದಾರೆ. ನೀರಿನಲ್ಲಿ ಮುಳುಗುವ ಒಡಲನ್ನು ಒಂದೇ ಮಾಡುವುದು. ಅದರ ಮೇಲೆ ಕೂರುವ ಮೇಲ್ಕಟ್ಟನ್ನು, ಅಂದರೆ ಡೆಕ್ಕಿನ ಮೇಲಿನ ಗೋಪುರ, ಕೊಳವೆ, ಫಿರಂಗಿ, ಕಟ್ಟಡಗಳನ್ನೆಲ್ಲ, ಎರಡೋ ಮೂರೋ ಪ್ರತಿ ಮಾಡಿ ಬೇಕೆಂದಾಗ ಒಂದನ್ನು ತೆಗೆದು ಇನ್ನೊಂದನ್ನು ಇಡುವುದು. ದೇವಸ್ಥಾನದ ಉತ್ಸವಮೂರ್ತಿ ಒಂದೇ, ದಿನಕ್ಕೊಂದು ಕವಚ ಎಂಬಂತೆ! ಮೇಲುನೋಟಕ್ಕೆ ಇದು ಬರಿಯ ಹವ್ಯಾಸಿಯ ಆಟವೆನಿಸಬಹುದು. ಆದರೆ ಹಡಗು ಯಾಕೆ ಬದಲಾಯಿತು ಎಂಬುದನ್ನು ನೂರು ಪುಟದ ಪುಸ್ತಕಕ್ಕಿಂತ ಚೆನ್ನಾಗಿ ತೋರಿಸಿಕೊಡುವ ಶಕ್ತಿ ಈ ಆಟಕ್ಕಿದೆ. ಅದಕ್ಕೆ ಬ್ರಿಟಿಷ್ ನೌಕಾಪಡೆಯ 'ಫ್ಯೂರಿಯಸ್' ಎಂಬ ಹಡಗಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೂರು ಜನ್ಮದ ಹಡಗು

'ಫ್ಯೂರಿಯಸ್' ಮೊದಲ ಮಹಾಯುದ್ಧದ ಕೂಸು. ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥನಾಗಿದ್ದ ಅಡ್ಮಿರಲ್ ಫಿಷರ್‌ನ ಆಸೆಯಂತೆ 1915ರಲ್ಲಿ ಇದರ ನಿರ್ಮಾಣ ಆರಂಭವಾಯಿತು. ಆಳವಿಲ್ಲದ ಬಾಲ್ಟಿಕ್ ಸಮುದ್ರಕ್ಕೆ ನುಗ್ಗಬಲ್ಲ, ವೇಗದ, ಆದರೆ ದೈತ್ಯ ಫಿರಂಗಿಗಳಿರುವ ಹಡಗು ಆತನಿಗೆ ಬೇಕಾಗಿತ್ತು. ಮುಂದೊಂದು ಹಿಂದೊಂದು, ಹೀಗೆ ಎರಡೇ ಎರಡು ಫಿರಂಗಿ. ಆದರೆ ಒಂದೊಂದರ ಬಾಯಿಯೂ 18 ಅಂಗುಲ ಅಗಲ, ಹಾರಿಸುವ ಗುಂಡಿನ ತೂಕ ಸುಮಾರು 1,500 ಕಿಲೋ. ಹಡಗಿನ ಉದ್ದ ಸುಮಾರು 240 ಮೀಟರ್, ಅಗಲ ಸುಮಾರು 27 ಮೀಟರ್.

ಆದರೆ ಹಡಗು ಪೂರ್ಣಗೊಳ್ಳುವ ಮೊದಲೇ ಯುದ್ಧದ ಲೆಕ್ಕಾಚಾರ ಬದಲಾಗಿತ್ತು. ಜರ್ಮನಿಯ ಜೆಪೆಲಿನ್ ವಾಯುನೌಕೆಗಳು ಉತ್ತರ ಸಮುದ್ರದ ಮೇಲೆ ಹಾರಾಡುತ್ತಾ ಬ್ರಿಟಿಷ್ ಹಡಗುಗಳ ಚಲನವಲನವನ್ನು ಗಮನಿಸುತ್ತಿದ್ದವು. ಅವನ್ನು ಅಟ್ಟಲು ಸಮುದ್ರದ ಮಧ್ಯದಿಂದಲೇ ವಿಮಾನ ಹಾರಿಸಬೇಕಿತ್ತು. ಹೀಗಾಗಿ ಮುಂದಿನ ಫಿರಂಗಿಯನ್ನು ಕೈಬಿಟ್ಟು ಆ ಜಾಗದಲ್ಲಿ ವಿಮಾನಗಳ ಕೊಟ್ಟಿಗೆಯನ್ನೂ, ಅದರ ಚಾವಣಿಯ ಮೇಲೆ ಹಾರುವ ಕಟ್ಟೆಯನ್ನೂ ಕಟ್ಟಲಾಯಿತು. 1917ರ ಜೂನ್‌ನಲ್ಲಿ ಸೇವೆಗೆ ಸೇರಿದಾಗ ಹಡಗಿನ ಮುಂಭಾಗ ವಿಮಾನವಾಹಕ, ಹಿಂಭಾಗ ಸಮರನೌಕೆ! ಇದು ಮೊದಲ ರೂಪ.

ಆ ಕಟ್ಟೆಯಿಂದ ವಿಮಾನ ಹಾರಬಹುದಿತ್ತು, ಇಳಿಯಲು ಮಾತ್ರ ಸಾಧ್ಯವಿರಲಿಲ್ಲ. ಕೆಲಸ ಮುಗಿದ ಮೇಲೆ ಪೈಲಟ್ ಹತ್ತಿರದ ನೆಲವನ್ನು ಹುಡುಕಬೇಕು, ಇಲ್ಲವೇ ಸಮುದ್ರಕ್ಕೇ ಇಳಿದು ಯಾರಾದರೂ ಎತ್ತಿಕೊಳ್ಳಲಿ ಎಂದು ಕಾಯಬೇಕು. ಈ ಸ್ಥಿತಿಯನ್ನು ಬದಲಿಸಲು ಹೊರಟವನು ಸ್ಕ್ವಾಡ್ರನ್ ಕಮಾಂಡರ್ ಎಡ್ವಿನ್ ಡನ್ನಿಂಗ್ ಎಂಬ 25 ವರ್ಷದ ಯುವಕ.

1917ರ ಆಗಸ್ಟ್ 2ರಂದು ಸ್ಕಾಟ್ಲೆಂಡಿನ ಉತ್ತರದ ಸ್ಕಾಪಾ ಫ್ಲೋ ಬಂದರಿನಲ್ಲಿ 'ಫ್ಯೂರಿಯಸ್' ಗಾಳಿಗೆ ಎದುರಾಗಿ 26 ನಾಟ್ ವೇಗದಲ್ಲಿ ಓಡುತ್ತಿತ್ತು. ಎದುರುಗಾಳಿಯ ವೇಗ 21 ನಾಟ್. ಎರಡೂ ಸೇರಿ ಕಟ್ಟೆಯ ಮೇಲೆ 47 ನಾಟ್ ಗಾಳಿ. ಡನ್ನಿಂಗ್‌ನ ಪುಟ್ಟ 'ಸಾಪ್‌ವಿತ್ ಪಪ್' ವಿಮಾನದ ಇಳಿಯುವ ವೇಗವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ಹಡಗಿನ ಪಕ್ಕಕ್ಕೆ ಬಂದಾಗ ವಿಮಾನ ಗಾಳಿಯಲ್ಲಿ ನಿಂತಂತೆಯೇ ಕಾಣುತ್ತಿತ್ತು. ಆತ ಗೋಪುರವನ್ನು ಬಳಸಿ, ಓರೆಯಾಗಿ ಜಾರಿ, ಮುಂದಿನ ಕಟ್ಟೆಯ ಮೇಲೆ ಬಂದ. ಕೆಳಗೆ ಕಾದಿದ್ದ ಸಹೋದ್ಯೋಗಿಗಳು ವಿಮಾನಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಹಿಡಿದು ಎಳೆದು ನಿಲ್ಲಿಸಿದರು. ಚಲಿಸುವ ಹಡಗಿನ ಮೇಲೆ ವಿಮಾನ ಇಳಿದದ್ದು ಜಗತ್ತಿನಲ್ಲೇ ಅದು ಮೊದಲು.

ಐದು ದಿನಗಳ ನಂತರ, ಆಗಸ್ಟ್ 7ರಂದು, ಡನ್ನಿಂಗ್ ಮತ್ತೆ ಪ್ರಯತ್ನಿಸಿದ. ಈ ಸಲ ವಿಮಾನ ಕಟ್ಟೆಯ ಅಂಚಿನಿಂದ ಜಾರಿ ಸಮುದ್ರಕ್ಕೆ ಬಿತ್ತು. ಅದನ್ನು ತಲುಪುವಷ್ಟರಲ್ಲಿ ಆತನ ಪ್ರಾಣ ಹೋಗಿತ್ತು. ಆತನಿಗೆ ಅಡ್ಡವಾಗಿದ್ದದ್ದು ಹಡಗಿನ ನಡುವಿನ ಗೋಪುರ. ಹಿಂದಿನಿಂದ ನೇರವಾಗಿ ಬಂದು ಇಳಿಯುವ ದಾರಿಯನ್ನು ಅದು ಮುಚ್ಚಿತ್ತು.

ಅಡ್ಡಬಂದ ಗೋಪುರ

ಹಿಂದಿನ ಫಿರಂಗಿಯನ್ನೂ ತೆಗೆದು ಅಲ್ಲಿ ಇಳಿಯುವ ಕಟ್ಟೆಯನ್ನು ನಿರ್ಮಿಸಿದ್ದು ಎರಡನೆಯ ರೂಪ. 1918ರ ಮಾರ್ಚ್ ವೇಳೆಗೆ ಹಡಗು ಸಿದ್ಧವಾಯಿತು. ಮುಂದೆ ಹಾರುವ ಕಟ್ಟೆ, ಹಿಂದೆ ಇಳಿಯುವ ಕಟ್ಟೆ, ನಡುವೆ ಮಾತ್ರ ಹಳೆಯ ಗೋಪುರ ಮತ್ತು ಹೊಗೆಕೊಳವೆ. ವಿಮಾನಗಳನ್ನು ಹಿಂದಿನಿಂದ ಮುಂದಕ್ಕೆ ಎಳೆದೊಯ್ಯಲು ಅದರ ಎರಡೂ ಪಕ್ಕದಲ್ಲಿ ಕಿರಿದಾದ ಓಣಿಗಳು. ಕಾಗದದ ಮೇಲೆ ಎಲ್ಲವೂ ಸರಿಯಿತ್ತು.

ಗಾಳಿ ಮಾತ್ರ ಒಪ್ಪಲಿಲ್ಲ. ಓಡುವ ಹಡಗಿನ ಎದುರಿಗೆ ಬರುವ ಗಾಳಿ ಗೋಪುರಕ್ಕೆ ಬಡಿದು, ಎರಡೂ ಪಕ್ಕದಿಂದ ಸುತ್ತಿಕೊಂಡು, ಅದರ ಬೆನ್ನ ಹಿಂದೆ ಸುಳಿಯಾಗುತ್ತಿತ್ತು. ಕೊಳವೆಯ ಬಿಸಿ ಹೊಗೆ ಅದಕ್ಕೆ ಸೇರಿಕೊಳ್ಳುತ್ತಿತ್ತು. ಇಳಿಯಲು ಬಂದ ಹಗುರ ವಿಮಾನ ಕಟ್ಟೆಯ ಹತ್ತಿರಕ್ಕೆ ಬರುತ್ತಿದ್ದಂತೆ ತರಗೆಲೆಯಂತೆ ಹೊಯ್ದಾಡುತ್ತಿತ್ತು. ಕೊಳವೆಗೆ ಬಡಿಯದಿರಲೆಂದು ಹಗ್ಗಗಳ ತಡೆಯೊಂದನ್ನು ಕಟ್ಟಬೇಕಾಯಿತು. ಕೊನೆಗೆ ಇಳಿಯುವ ಪ್ರಯತ್ನವನ್ನೇ ಕೈಬಿಡಲಾಯಿತು.

1918ರ ಜುಲೈ 19ರಂದು ಇದೇ ಹಡಗಿನಿಂದ ಏಳು 'ಕ್ಯಾಮೆಲ್' ವಿಮಾನಗಳು ಹಾರಿ, ಟೋಂಡರ್ನ್ ಎಂಬಲ್ಲಿದ್ದ ಜರ್ಮನ್ ನೆಲೆಯ ಮೇಲೆ ದಾಳಿ ಮಾಡಿ ಎರಡು ಜೆಪೆಲಿನ್‌ಗಳನ್ನು ಸುಟ್ಟವು. ದಾಳಿ ಯಶಸ್ವಿಯಾಯಿತು, ಆದರೆ ಹಾರಿದ ಒಂದೇ ಒಂದು ವಿಮಾನವೂ ಮರಳಿ ಹಡಗಿನ ಮೇಲೆ ಇಳಿಯಲಿಲ್ಲ. ಕೆಲವರು ಬ್ರಿಟಿಷ್ ಹಡಗುಗಳ ಬಳಿ ನೀರಿಗಿಳಿದರು, ಕೆಲವರು ತಟಸ್ಥ ಡೆನ್ಮಾರ್ಕಿನಲ್ಲಿ ನೆಲ ಮುಟ್ಟಿದರು, ಒಬ್ಬ ಪೈಲಟ್ ಸಮುದ್ರದಲ್ಲಿ ಜೀವ ಕಳೆದುಕೊಂಡ. ಇಳಿಯಲು ಕಟ್ಟೆಯಿದ್ದೂ ಇಳಿಯಲಾಗದ ಹಡಗು!

ಯುದ್ಧ ಮುಗಿದ ಮೇಲೆ, 1921ರಿಂದ 1925ರವರೆಗೆ, 'ಫ್ಯೂರಿಯಸ್' ಮೂರನೆಯ ಬಾರಿ ಹುಟ್ಟಿತು. ಗೋಪುರ, ಕೊಂಬು, ಕೊಳವೆ ಎಲ್ಲವೂ ಹೋದವು. ಎರಡು ಅಂತಸ್ತಿನ ವಿಮಾನ ಕೊಟ್ಟಿಗೆ, ಅದರ ಮೇಲೆ ಊಟದ ಮೇಜಿನಂತೆ ಬೋಳಾದ ಡೆಕ್. ಹೊಗೆಯನ್ನು ಎರಡೂ ಪಕ್ಕದ ಉದ್ದನೆಯ ನಾಳಗಳ ಮೂಲಕ ಹಡಗಿನ ಹಿಂಬದಿಗೆ ಒಯ್ದು ಬಿಡಲಾಯಿತು. ಇದರಿಂದ ಒಳಗೆ ಸೆಕೆ ಹೆಚ್ಚಿತು, ಕೊಟ್ಟಿಗೆಯ ಜಾಗ ಕಡಿಮೆಯಾಯಿತು. ಆದರೆ ಮೇಲೆ ಗಾಳಿ ಸಲೀಸಾಗಿ ಹರಿಯಿತು. ವಿಮಾನಗಳು ಇಳಿದವು.

ನಕ್ಷೆಯ ಮೇಲೆ ನಕ್ಷೆ

ಈ ಮೂರು ರೂಪಗಳನ್ನು ಒಂದೇ ಮಾದರಿಯಲ್ಲಿ ತರುವುದು ಹೇಗೆ? 350ಕ್ಕೆ 1ರ ಅಳತೆ ಹಿಡಿದರೆ ಒಡಲಿನ ಉದ್ದ ಸುಮಾರು 68 ಸೆಂಟಿಮೀಟರ್, ಅಗಲ ಏಳೂಮುಕ್ಕಾಲು. ಮನೆಯ ಮೇಜಿನ ಮೇಲೆ ಕೂರುವಂಥದು. ಡನ್ನಿಂಗ್‌ನ ವಿಮಾನ ಈ ಅಳತೆಯಲ್ಲಿ ಎರಡು ಸೆಂಟಿಮೀಟರ್ ಉದ್ದವೂ ಇರುವುದಿಲ್ಲ.

ಮೊದಲ ಕೆಲಸ ಗರಗಸದ್ದಲ್ಲ, ಕಾಗದದ್ದು. ಮೂರು ಕಾಲದ ನಕ್ಷೆಗಳನ್ನು ಒಂದೇ ಅಳತೆಗೆ ತಂದು, ತೆಳು ಕಾಗದದ ಮೇಲೆ ಬಿಡಿಸಿ, ಒಂದರ ಮೇಲೊಂದಿಟ್ಟು ನೋಡಬೇಕು. ಮೂರರಲ್ಲೂ ಹೊಂದುವ ಗೆರೆಗಳು ಯಾವುವೋ ಅವು ಒಡಲಿಗೆ ಸೇರಿದ್ದು. ಹೊಂದದ ಗೆರೆಗಳು ಮೇಲ್ಕಟ್ಟಿಗೆ ಸೇರಿದ್ದು. ಎರಡನ್ನೂ ಬೇರ್ಪಡಿಸುವ ಗೆರೆಯೇ ಮಾದರಿಯನ್ನು ಕತ್ತರಿಸಬೇಕಾದ ಗೆರೆ. ಈ ಗೆರೆ ತಪ್ಪಿದರೆ ಮುಂದಿನ ಕೆಲಸವೆಲ್ಲ ತಪ್ಪಿದಂತೆಯೇ.

ಸಾಧಾರಣವಾಗಿ ಡೆಕ್ಕಿನ ಅಂಚಿನಲ್ಲೇ ಗೆರೆ ಹಿಡಿಯುವುದು ಲೇಸು. ನಿಜವಾದ ಹಡಗಿನಲ್ಲೂ ಅಲ್ಲೊಂದು ಅಂಚು, ಅದರ ಕೆಳಗೊಂದು ನೆರಳು ಇರುವುದರಿಂದ ಬೆಸುಗೆ ಕಣ್ಣಿಗೆ ಬೀಳದು. ಆದರೆ 'ಫ್ಯೂರಿಯಸ್'ನ ಮೂರನೆಯ ರೂಪದಲ್ಲಿ ತೊಡಕೊಂದಿದೆ. ಕೊಟ್ಟಿಗೆ ಎತ್ತರವಾದಾಗ ಪಕ್ಕದ ಗೋಡೆಗಳೂ ಮೇಲಕ್ಕೆ ಬೆಳೆದವು. ಆದ್ದರಿಂದ ಮೂರನೆಯ ಮೇಲ್ಕಟ್ಟಿಗೆ ಡಬ್ಬಿಯ ಮುಚ್ಚಳದಂತೆ ಅಂಚು ಕೊಟ್ಟು, ಒಡಲಿನ ಮೇಲೆ ಸ್ವಲ್ಪ ಇಳಿಬೀಳುವಂತೆ ಮಾಡಬೇಕಾಗುತ್ತದೆ.

ಒಡಲನ್ನು ಮಾಡುವ ಹಳೆಯ ವಿಧಾನ ಇಂದಿಗೂ ಸರಳವಾದದ್ದು. ನಕ್ಷೆಯಲ್ಲಿ ನೀರಿನ ಮಟ್ಟಕ್ಕೆ ಸಮನಾಗಿ ಎಳೆದ ಗೆರೆಗಳಂತೆ ತೆಳು ಹಲಗೆಗಳನ್ನು ಕೊಯ್ದು, ದೋಸೆಯ ಮೇಲೆ ದೋಸೆ ಪೇರಿಸಿದಂತೆ ಅಂಟಿಸಿ, ಮೆಟ್ಟಿಲುಗಳನ್ನು ಹೆರೆದು, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವುದು. ಅಲ್ಲಲ್ಲಿ ಅಡ್ಡಕೊಯ್ತದ ಆಕಾರದಲ್ಲಿ ಕತ್ತರಿಸಿದ ರಟ್ಟಿನ ಅಚ್ಚನ್ನು ಹಿಡಿದು ನೋಡುತ್ತಿದ್ದರೆ ಎಡ ಬಲ ಸಮವಾಗುತ್ತದೆ. ಈಚೆಗೆ ಗಣಕಯಂತ್ರದಲ್ಲಿ ಚಿತ್ರಿಸಿ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿಕೊಳ್ಳುವವರೂ ಇದ್ದಾರೆ. ವಿಧಾನ ಯಾವುದಾದರೂ ಒಡಲಿನ ಮೇಲ್ಮೈ ಮಾತ್ರ ಕನ್ನಡಿಯಂತೆ ಮಟ್ಟಸವಾಗಿರಬೇಕು.

ಗೂಟ, ಅಯಸ್ಕಾಂತ, ಬಣ್ಣ

ಮೇಲ್ಕಟ್ಟು ಪ್ರತಿ ಬಾರಿಯೂ ಅದೇ ಜಾಗದಲ್ಲಿ ಕೂರಲು ಒಡಲಿನಲ್ಲಿ ಎರಡು ಹಿತ್ತಾಳೆಯ ಗೂಟಗಳು ಸಾಕು. ಗೂಟಗಳು ನಟ್ಟನಡುವೆ ಸಮಾನ ದೂರದಲ್ಲಿರಬಾರದು. ಒಂದು ನಡುಗೆರೆಯಿಂದ ತುಸು ಪಕ್ಕಕ್ಕೆ ಸರಿದಿರಬೇಕು. ಆಗ ಹಿಂದುಮುಂದಾಗಿ ಇಡಲು ಹೋದರೆ ಅದು ಕೂರುವುದೇ ಇಲ್ಲ. ತೂತುಗಳನ್ನು ಒಂದೊಂದಕ್ಕೂ ಬೇರೆಬೇರೆಯಾಗಿ ಅಳೆದು ಕೊರೆಯುವುದು ಹೊಸಬರು ಮಾಡುವ ತಪ್ಪು. ಒಂದು ತಗಡಿನ ಅಚ್ಚಿನಲ್ಲಿ ತೂತು ಮಾಡಿಕೊಂಡು, ಒಡಲಿಗೂ ಮೂರು ಮೇಲ್ಕಟ್ಟುಗಳಿಗೂ ಅದೇ ಅಚ್ಚನ್ನಿಟ್ಟು ಕೊರೆದರೆ, ಅಳತೆಯಲ್ಲಿ ತಪ್ಪಿದ್ದರೂ ಎಲ್ಲದರಲ್ಲೂ ಒಂದೇ ತಪ್ಪು. ಅದು ತಪ್ಪಲ್ಲ!

ಹಿಡಿದಿಡಲು ಗುಂಡಿಯಷ್ಟು ಚಿಕ್ಕ ಅಯಸ್ಕಾಂತಗಳನ್ನು ಬಳಸುತ್ತಾರೆ. ಒಡಲಿನಲ್ಲೂ ಮೇಲ್ಕಟ್ಟಿನಲ್ಲೂ ಅಯಸ್ಕಾಂತವಿಟ್ಟರೆ, ಒಂದು ತಲೆಕೆಳಗಾದರೂ ಸಾಕು, ಅಂಟಿಕೊಳ್ಳುವ ಬದಲು ಒಂದನ್ನೊಂದು ತಳ್ಳುತ್ತವೆ. ಅದಕ್ಕಾಗಿ ಅಯಸ್ಕಾಂತ ಒಡಲಿನಲ್ಲಿ ಮಾತ್ರ. ಮೇಲ್ಕಟ್ಟಿನ ತಳದಲ್ಲಿ ಸಾದಾ ಕಬ್ಬಿಣದ ವಾಷರ್. ಗೂಟದ ಕೆಲಸ ಜಾಗ ತೋರಿಸುವುದು, ಅಯಸ್ಕಾಂತದ ಕೆಲಸ ಹಿಡಿಯುವುದು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಬಾರದು.

ಬಣ್ಣಕ್ಕೂ ದಪ್ಪವಿದೆ ಎಂಬುದು ಬಳಿದ ಮೇಲೆ ಗೊತ್ತಾಗುತ್ತದೆ. ಬಣ್ಣಕ್ಕೆ ಮೊದಲು ಬಿಗಿಯಾಗಿ ಕೂರುತ್ತಿದ್ದ ಮೇಲ್ಕಟ್ಟು ಬಣ್ಣ ಬಳಿದ ಮೇಲೆ ಕೂರುವುದಿಲ್ಲ. ಮೊದಲೇ ಕೂದಲೆಳೆಯಷ್ಟು ಸಡಿಲ ಬಿಡಬೇಕು. ಮರವಾದರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮನೆಯ ಬಾಗಿಲೇ ಆಷಾಢದಲ್ಲಿ ಹಾಕಲು ಬಾರದಿರುವಾಗ ಮರದ ಮೇಲ್ಕಟ್ಟನ್ನು ದೂರಿ ಪ್ರಯೋಜನವಿಲ್ಲ. ಒಡಲು ಮರದ್ದಾದರೂ ಕೂಡುವ ಎರಡು ಮುಖಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುವುದು ಇದಕ್ಕೆ ಪರಿಹಾರ.

ಮಾದರಿಯನ್ನು ಕೆರೆಯಲ್ಲೋ ತೊಟ್ಟಿಯಲ್ಲೋ ತೇಲಿಸುವ ಆಸೆಯಿದ್ದರೆ ಇನ್ನೊಂದು ಲೆಕ್ಕವಿದೆ. ಮೇಲ್ಕಟ್ಟು ಭಾರವಾದಷ್ಟೂ ಹಡಗಿನ ತೂಕದ ನಡುಬಿಂದು ಮೇಲಕ್ಕೇರುತ್ತದೆ. ಒಂದು ಹಂತ ದಾಟಿದರೆ ವಾಲಿದ ಹಡಗು ಮತ್ತೆ ನೆಟ್ಟಗಾಗುವುದಿಲ್ಲ. ಅತಿ ಭಾರದ ಮೇಲ್ಕಟ್ಟನ್ನಿಟ್ಟು ನೋಡಿ, ಒಡಲಿನ ತಳದಲ್ಲಿ ಸೀಸದ ತುಂಡುಗಳನ್ನು ಹಾಕಿ ಸರಿದೂಗಿಸಬೇಕು. ನಿಜವಾದ ಹಡಗು ಕಟ್ಟುವವರಿಗೂ ಇದೇ ತಲೆನೋವು. ಮೊದಲ ರೂಪದಲ್ಲಿ ಪೂರ್ತಿ ಭಾರ ಹೊತ್ತ 'ಫ್ಯೂರಿಯಸ್'ನ ತೂಕ ಸುಮಾರು 22,900 ಟನ್. ಮೂರನೆಯ ರೂಪದಲ್ಲಿ ಸುಮಾರು 26,500 ಟನ್. ಅದೇ ಒಡಲು ಇನ್ನಷ್ಟು ಆಳಕ್ಕೆ ಇಳಿದು ಕೂರಬೇಕಾಯಿತು.

ಊದಿನಕಡ್ಡಿಯ ಪಾಠ

ಮೂರೂ ಸಿದ್ಧವಾದ ಮೇಲೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಮಾದರಿಯ ಮುಂದೆ ಮೇಜಿನ ಫ್ಯಾನನ್ನು ನಿಧಾನಕ್ಕೆ ತಿರುಗಲು ಬಿಟ್ಟು, ಹಡಗಿನ ಮೂತಿಯ ಬಳಿ ಊದಿನಕಡ್ಡಿಯೊಂದನ್ನು ಹಿಡಿಯಬೇಕು. ಎರಡನೆಯ ಮೇಲ್ಕಟ್ಟಿದ್ದರೆ ಹೊಗೆ ಗೋಪುರಕ್ಕೆ ಬಡಿದು ಚದುರಿ, ಇಳಿಯುವ ಕಟ್ಟೆಯ ಮೇಲೆ ಸುತ್ತುತ್ತದೆ. ಅದನ್ನು ತೆಗೆದು ಮೂರನೆಯದನ್ನಿಟ್ಟರೆ ಹೊಗೆಯ ಎಳೆ ಡೆಕ್ಕಿನ ಮೇಲೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ಚಿಕ್ಕ ಮಾದರಿಯ ಮೇಲಿನ ಗಾಳಿ ದೊಡ್ಡ ಹಡಗಿನ ಮೇಲಿನ ಗಾಳಿಯಂತೆಯೇ ವರ್ತಿಸುವುದಿಲ್ಲ, ನಿಜ. ಆದರೆ ನಾಲ್ಕು ವರ್ಷದ ದುಡಿಮೆ, ಅಪಾರ ಹಣ ಸುರಿದು ಗೋಪುರವನ್ನು ಯಾಕೆ ಕೆಡವಿದರು ಎಂಬುದು ಶಾಲೆಯ ಹುಡುಗನಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಅಂದಿನ ಎಂಜಿನಿಯರುಗಳು ಮಾಡಿದ್ದೂ ಇಂಥದನ್ನೇ. 'ಆರ್ಗಸ್' ಎಂಬ ಇನ್ನೊಂದು ವಿಮಾನವಾಹಕದ ಮಾದರಿಯನ್ನು ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಲಾಯಿತು. ಆ ಪರೀಕ್ಷೆಗಳ ಜೊತೆಗೆ 'ಫ್ಯೂರಿಯಸ್'ನ ಕಹಿ ಅನುಭವವೂ ಸೇರಿ, ಇಟಲಿಗಾಗಿ ಪ್ರಯಾಣಿಕರ ಹಡಗಾಗಿ ಹುಟ್ಟಿದ್ದ 'ಆರ್ಗಸ್' 1918ರಲ್ಲಿ ಬೋಳು ಡೆಕ್ಕಿನೊಂದಿಗೆ ಹೊರಬಂತು.

ಹಾಗೆಂದು ಹಡಗನ್ನು ನಡೆಸುವವರು ನಿಂತು ನೋಡಲು ಎತ್ತರದ ಜಾಗವೇ ಬೇಡವೇ? ಗೋಪುರವನ್ನು ನಡುವಿನಿಂದ ಒಂದು ಪಕ್ಕದ ಅಂಚಿಗೆ ಸರಿಸಿದರೆ ಹೇಗೆ? ಇದನ್ನರಿಯಲು ಅದೇ ವರ್ಷ 'ಆರ್ಗಸ್'ನ ಡೆಕ್ಕಿನ ಮೇಲೆ ಮರ ಮತ್ತು ಕ್ಯಾನ್ವಾಸ್ ಬಟ್ಟೆಯಿಂದ ಒಂದು ಹುಸಿ ಗೋಪುರ ಕಟ್ಟಿ, ಕೊಳವೆಯ ಹೊಗೆಯನ್ನು ಅನುಕರಿಸಲು ಹೊಗೆಪೆಟ್ಟಿಗೆಯನ್ನೂ ಇಟ್ಟು, ವಿಮಾನಗಳನ್ನು ಇಳಿಸಿ ನೋಡಿದರು. ನಾಟಕದ ರಂಗಸಜ್ಜಿಕೆಯಂತೆ ತೆಗೆದಿಡಬಹುದಾದ ಮೇಲ್ಕಟ್ಟು, ಅದೂ ನಿಜವಾದ ಹಡಗಿನ ಅಳತೆಯಲ್ಲಿ! ಪಕ್ಕದಲ್ಲಿದ್ದ ಗೋಪುರ ಪೈಲಟ್‌ಗಳಿಗೆ ಅಡ್ಡಿಯಾಗಲಿಲ್ಲ. ಮುಂದೆ ವಿಮಾನವಾಹಕಗಳಲ್ಲಿ ಬಲಪಕ್ಕದ ಅಂಚಿನ ಗೋಪುರವೇ ರೂಢಿಯಾಯಿತು. ಬೋಳಾಗಿದ್ದ 'ಫ್ಯೂರಿಯಸ್'ಗೂ 1939ರಲ್ಲಿ ಅಂಥದೊಂದು ಪುಟ್ಟ ಗೋಪುರ ಬಂತು.

ಕಾರವಾರದ ಕಡಲಲ್ಲಿ

ಇದೆಲ್ಲ ದೂರದ ದೇಶದ ಹಳೆಯ ಕಥೆ ಎನ್ನುವಂತಿಲ್ಲ. ಕಾರವಾರದ ಕದಂಬ ನೌಕಾನೆಲೆಯನ್ನು ತನ್ನ ಮನೆಯಾಗಿಸಿಕೊಂಡಿರುವ 'ವಿಕ್ರಮಾದಿತ್ಯ'ನದೂ ಇದೇ ಕಥೆ. ಅದು 1987ರಲ್ಲಿ ಸೋವಿಯತ್ ನೌಕಾಪಡೆಗೆ ಸೇರಿದಾಗ ಹೆಸರು 'ಬಾಕು'. ನಂತರ 'ಅಡ್ಮಿರಲ್ ಗೋರ್ಷ್‌ಕೋವ್'. ಆಗ ಅದರ ಮುಂಭಾಗದ ತುಂಬ ಹಡಗುನಾಶಕ ಕ್ಷಿಪಣಿಗಳ ದಪ್ಪ ಕೊಳವೆಗಳು, ಫಿರಂಗಿಗಳು. ನೆಟ್ಟಗೆ ಮೇಲೇಳುವ ವಿಮಾನಗಳಿಗೆ ಮಾತ್ರ ಹಿಂದೆ ಓರೆಯಾದ ಡೆಕ್. ಮುಂದೆ ಸಮರನೌಕೆ, ಹಿಂದೆ ವಿಮಾನವಾಹಕ. 1917ರ 'ಫ್ಯೂರಿಯಸ್' ತಿರುಗಿ ನಿಂತಂತೆ!

2004ರ ಒಪ್ಪಂದದಂತೆ ರಷ್ಯದ ಸೆವೆರೊದ್ವಿನ್ಸ್ಕ್‌ನಲ್ಲಿ ಆ ಕ್ಷಿಪಣಿಗಳನ್ನೆಲ್ಲ ಕಿತ್ತು, ಡೆಕ್ಕನ್ನು ಮೂತಿಯವರೆಗೂ ಬೆಳೆಸಿ, ತುದಿಯನ್ನು ಮೇಲಕ್ಕೆ ಬಾಗಿಸಲಾಯಿತು. ಓಡಿಬಂದ ಮಿಗ್ ವಿಮಾನ ಆ ಏರಿನಿಂದ ಚಿಮ್ಮಿ ಗಾಳಿಗೇರುತ್ತದೆ. ಬಲಪಕ್ಕದ ಗೋಪುರ ಮಾತ್ರ ಉಳಿದುಕೊಂಡಿತು. 2013ರ ನವೆಂಬರ್ 16ರಂದು ಭಾರತದ ನೌಕಾಪಡೆಗೆ ಸೇರಿದ ಹಡಗು 2014ರ ಜನವರಿಯಲ್ಲಿ ಕಾರವಾರ ತಲುಪಿತು. ಮಾದರಿ ತಯಾರಿಸುವವನಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? 350ಕ್ಕೆ 1ರ ಅಳತೆಯಲ್ಲಿ 81 ಸೆಂಟಿಮೀಟರ್ ಒಡಲು. ತೆಗೆದಿಡುವ ಮುಂಭಾಗಗಳು ಎರಡು, ಒಂದು 'ಬಾಕು'ವಿನದು, ಇನ್ನೊಂದು 'ವಿಕ್ರಮಾದಿತ್ಯ'ನದು.

ಹಳೆಯ ಹಡಗುಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ದುಬಾರಿ ಕೆಲಸ. ಮೊದಲ 'ವಿಕ್ರಾಂತ್' ಕೆಲವು ಕಾಲ ಮುಂಬಯಿಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಒಡೆಯುವವರ ಕೈ ಸೇರಿತು. ಬ್ರಿಟನ್ನಿನ 'ಹರ್ಮಿಸ್' ಆಗಿದ್ದು, ಡೆಕ್ಕಿನ ತುದಿಗೆ ಏರು ಕಟ್ಟಿಸಿಕೊಂಡು, 1987ರಲ್ಲಿ ನಮ್ಮದಾದ 'ವಿರಾಟ್' 2020ರಲ್ಲಿ ಗುಜರಾತಿನ ಅಲಂಗ್ ದಡಕ್ಕೆ ಕೊನೆಯ ಪ್ರಯಾಣ ಮಾಡಿತು. 'ಫ್ಯೂರಿಯಸ್' ಎರಡನೆಯ ಮಹಾಯುದ್ಧವನ್ನೂ ಕಂಡು 1948ರಲ್ಲಿ ಗುಜರಿಗೆ ಮಾರಾಟವಾಯಿತು. ಉಳಿಯುವುದು ನಕ್ಷೆಗಳು, ಛಾಯಾಚಿತ್ರಗಳು, ಮಾದರಿಗಳು.

ಗಾಜಿನ ಪೆಟ್ಟಿಗೆಯ ಮಾದರಿ ಹಡಗು ಹೇಗಿತ್ತು ಎಂದು ಹೇಳುತ್ತದೆ. ಮೇಲ್ಕಟ್ಟು ಬದಲಿಸಬಲ್ಲ ಮಾದರಿ ಅದು ಯಾಕೆ ಹಾಗಿರಲಾಗಲಿಲ್ಲ ಎಂದು ಹೇಳುತ್ತದೆ. ಮೂರನೆಯ ಮೇಲ್ಕಟ್ಟನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಮೊದಲನೆಯದನ್ನು ಕೂರಿಸಿದಾಗ, ಗೋಪುರದ ಮುಂದಿನ ಆ ಚಿಕ್ಕ ಕಟ್ಟೆ ಮತ್ತೆ ಕಾಣುತ್ತದೆ. ಮಾದರಿಯಲ್ಲಿ ಅದು ಗೇಣಿನಷ್ಟೂ ಉದ್ದವಿಲ್ಲ. ಎರಡು ಸೆಂಟಿಮೀಟರಿಗೂ ಕಡಿಮೆಯ ವಿಮಾನವನ್ನು ಅದರ ಮೇಲೆ ಇಟ್ಟು ನೋಡಿದರೆ, ಆ ಬೆಳಿಗ್ಗೆ ಡನ್ನಿಂಗ್‌ನ ಎದುರಿಗಿದ್ದ ಜಾಗ ಎಷ್ಟು ಎಂಬುದು ಅರ್ಥವಾಗುತ್ತದೆ.